ದೇಶದ ಇನ್ನೊಂದು ಮೂಲೆಯಿಂದ ಬೆಳಗಾವಿಗೆ: ಮನೆ ಮಾಡುವ, ಬಳಗ ಕಟ್ಟಿಕೊಳ್ಳುವ ಬಗೆ

ಸೈನ್ಯ, ವಾಯುಪಡೆ, ಬ್ಯಾಂಕು, ರೈಲ್ವೆ, ವಿಶ್ವವಿದ್ಯಾಲಯ ಅಥವಾ ಉದ್ಯಮಬಾಗದ ಫೌಂಡ್ರಿಗಳ ಕೆಲಸದ ನಿಮಿತ್ತ ದೆಹಲಿ, ಚಂಡೀಗಢ, ಜಮ್‌ಶೆಡ್‌ಪುರ, ಗುವಾಹಟಿಯಂಥ ದೂರದ ಊರುಗಳಿಂದ ಕನ್ನಡ ಕುಟುಂಬಗಳು ಬೆಳಗಾವಿಗೆ ಬಂದು ಇಳಿಯುತ್ತಲೇ ಇರುತ್ತವೆ. ಅವರಲ್ಲಿ ಹಲವರ ಮೂಲ ಊರು ಹಾಸನವೋ ಶಿವಮೊಗ್ಗವೋ ರಾಯಚೂರೋ ಆಗಿರುತ್ತದೆ. ರಾಜ್ಯಕ್ಕೆ ಮರಳಿದ ಸಮಾಧಾನವಿದ್ದರೂ ಊರು ಅಪರಿಚಿತವೇ. ಮಕ್ಕಳಂತೂ ತಮ್ಮ ತಮ್ಮಲ್ಲಿ ಹಿಂದಿಯಲ್ಲೇ ಜಗಳವಾಡುತ್ತಿರುತ್ತಾರೆ. ಇಂಥ ಕುಟುಂಬಗಳಿಗಾಗಿ ಬರೆದಿರುವ ಈ ಮಾರ್ಗದರ್ಶಿಯಲ್ಲಿ ಮನೆ, ಶಾಲೆ, ಕಾಗದಪತ್ರಗಳ ವಿಷಯವನ್ನೂ ಜನರ ಒಡನಾಟದ ವಿಷಯವನ್ನೂ ಬೇರ್ಪಡಿಸಿಲ್ಲ. ಮೊದಲು ಎಲ್ಲವನ್ನೂ ಸರಿಪಡಿಸಿಕೊಂಡು ಆಮೇಲೆ ನಾಲ್ಕು ಜನರ ಪರಿಚಯ ಮಾಡಿಕೊಳ್ಳೋಣ ಎಂದುಕೊಂಡವರು ವರ್ಷ ಕಳೆದರೂ ಒಂಟಿಯಾಗಿಯೇ ಉಳಿಯುವುದನ್ನೂ, ಮನೆ ನೋಡಲು ಬಂದ ದಿನವೇ ಎದುರುಮನೆಯ ಕಟ್ಟೆಯ ಮೇಲೆ ಕುಳಿತವರನ್ನು ಮಾತನಾಡಿಸಿದವರು ಮೊದಲ ಮಳೆಗಾಲ ಮುಗಿಯುವುದರೊಳಗೆ ಓಣಿಯವರೇ ಆಗಿಬಿಡುವುದನ್ನೂ ಇಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಆದ್ದರಿಂದ ಬಾಡಿಗೆ, ಶಾಲೆ, ಹಾಲು, ಕಿರಾಣಿ ಇವುಗಳಲ್ಲಿ ಯಾವುದನ್ನೇ ನಿರ್ಧರಿಸುವಾಗಲೂ ಇದರಿಂದ ನಮಗೆ ಯಾರ ಪರಿಚಯವಾಗುತ್ತದೆ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಬರುವ ಕಾಲ

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬನ್ನಿ. ಕೇಂದ್ರೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲೇ ತರಗತಿ ಆರಂಭಿಸುತ್ತವೆ. ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆಯ ಹೊತ್ತಿಗೆ ಅಥವಾ ಜೂನ್ ಆರಂಭಕ್ಕೆ ಬಾಗಿಲು ತೆರೆಯುತ್ತವೆ. ಉತ್ತರದ ರಾಜ್ಯಗಳಲ್ಲಿ ಮಾರ್ಚ್‌ಗೆ ಪರೀಕ್ಷೆ ಮುಗಿಸಿ ಬರುವ ಮಕ್ಕಳು ರಾಜ್ಯ ಪಠ್ಯಕ್ರಮಕ್ಕೆ ಸೇರುವುದಾದರೆ ಈ ಅಂತರದಲ್ಲಿ ಸುಮಾರು ಎರಡು ತಿಂಗಳ ಬಿಡುವು ಸಿಗುತ್ತದೆ. ಕನ್ನಡ ಅಕ್ಷರ ಕಲಿಸುವುದಕ್ಕೂ ಓಣಿಯ ಮಕ್ಕಳೊಂದಿಗೆ ಬಿಸಿಲಿನಲ್ಲಿ ಕ್ರಿಕೆಟ್ ಆಡಲು ಬಿಡುವುದಕ್ಕೂ ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಬರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಹಿಡಿದರೆ ಬಿಡುವುದು ಕಷ್ಟ. ಪಶ್ಚಿಮ ಘಟ್ಟ ಹತ್ತಿರವಿರುವುದರಿಂದ ಖಾನಾಪುರದ ಕಡೆ ಸುರಿದು, ಬೆಳಗಾವಿಯಲ್ಲಿ ಜಿನುಗಿ, ಬೈಲಹೊಂಗಲ ಸವದತ್ತಿಗಳನ್ನು ಮುಟ್ಟುವ ಹೊತ್ತಿಗೆ ಮಳೆ ಬಹಳಷ್ಟು ಕಡಿಮೆಯಾಗಿರುತ್ತದೆ. ಬಯಲುಸೀಮೆಯ ಉತ್ತರ ಕರ್ನಾಟಕ ಎಂಬ ಕಲ್ಪನೆಯಿಂದ ಬರುವವರು ಜುಲೈನಲ್ಲಿ ಒಣಗದ ಬಟ್ಟೆಗಳನ್ನು ಕಂಡು ಬೆರಗಾಗುತ್ತಾರೆ. ಸಾಮಾನುಗಳ ಲಾರಿ ಮಳೆಗಾಲದಲ್ಲಿ ಬರುವುದಾದರೆ ಹಾಸಿಗೆ, ಪುಸ್ತಕ, ಮರದ ಸಾಮಾನುಗಳಿಗೆ ಪ್ಲಾಸ್ಟಿಕ್ ಹೊದಿಕೆಯನ್ನು ಕಡ್ಡಾಯವಾಗಿ ಕೇಳಿ ಹಾಕಿಸಿ.

ಡಿಸೆಂಬರ್‌ನಲ್ಲಿ ಬಂದು ಹೋಟೆಲ್‌ನಲ್ಲಿದ್ದುಕೊಂಡು ಮನೆ ಹುಡುಕುವ ಯೋಜನೆಯನ್ನು ಕೈಬಿಡುವುದು ಲೇಸು. ಸಾಮಾನ್ಯವಾಗಿ ಆ ತಿಂಗಳಲ್ಲಿ ಸುವರ್ಣ ವಿಧಾನಸೌಧದಲ್ಲಿ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಡೆಯುತ್ತದೆ. ಶಾಸಕರು, ಅಧಿಕಾರಿಗಳು, ಪೊಲೀಸರು, ಪತ್ರಕರ್ತರು, ಜೊತೆಗೆ ರಾಜ್ಯದ ಮೂಲೆ ಮೂಲೆಯಿಂದ ಬೇಡಿಕೆ ಹೊತ್ತು ಬರುವ ಪ್ರತಿಭಟನಾಕಾರರು ಸೇರಿ ಊರಿನ ಕೋಣೆಗಳು ತುಂಬಿಹೋಗುತ್ತವೆ. ಸೌಧ ಉದ್ಘಾಟನೆಯಾದ 2012ರಿಂದ ಹೆಚ್ಚುಕಡಿಮೆ ಪ್ರತಿವರ್ಷದ ಕಥೆಯಿದು.

ಮನೆಗಿಂತ ಮೊದಲು ಓಣಿ

ಕೆಲಸದ ಸ್ಥಳವನ್ನು ನೋಡಿ ಊರಿನ ದಿಕ್ಕನ್ನು ಆರಿಸಿಕೊಳ್ಳಿ. ಉದ್ಯಮಬಾಗ ಅಥವಾ ಮಚ್ಛೆಯ ಬಳಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಡೆ ಕೆಲಸವಿರುವವರಿಗೆ ಟಿಳಕವಾಡಿ, ಹಿಂದವಾಡಿ, ಅನಗೋಳ, ಭಾಗ್ಯನಗರಗಳು ಅನುಕೂಲ. ಕಾಕತಿ ಕಡೆಗೋ ಹತ್ತರಗಿಯ ವಿಮಾನ ಬಿಡಿಭಾಗಗಳ ಕಾರ್ಖಾನೆಗಳಿಗೋ ಹೋಗುವವರು ಸದಾಶಿವ ನಗರ, ನೆಹರು ನಗರ, ಮಹಾಂತೇಶ ನಗರ, ರಾಮತೀರ್ಥ ನಗರಗಳಲ್ಲಿ ಹುಡುಕಬಹುದು; ಅಲ್ಲಿಂದ ಹೆದ್ದಾರಿ ಹತ್ತಿರ. ಶಹಾಪುರ, ವಡಗಾವಿಗಳು ನೇಕಾರರ ಹಳೆಯ ಪ್ರದೇಶಗಳು. ಗಲ್ಲಿ ಇಕ್ಕಟ್ಟಾದರೂ ಬಾಗಿಲು ತೆರೆದಿರುವ ಮನೆಗಳು ಅಲ್ಲಿ ಹೆಚ್ಚು. ಟಿಳಕವಾಡಿಯ ಕಡೆ ಮನೆ ನೋಡುವಾಗ ಶಾಲೆಯೂ ಕಚೇರಿಯೂ ರೈಲ್ವೆ ಹಳಿಯ ಯಾವ ಬದಿಗಿವೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಬೆಳಗಿನ ಅವಸರದಲ್ಲಿ ಗೇಟು ಬಿದ್ದರೆ ನಕಾಶೆಯಲ್ಲಿ ಕಾಣುವ ದೂರಕ್ಕೂ ವಾಸ್ತವಕ್ಕೂ ಸಂಬಂಧವಿರುವುದಿಲ್ಲ.

ದೂರದಲ್ಲಿದ್ದುಕೊಂಡೇ ಫೋಟೋ ನೋಡಿ ಮನೆ ಗೊತ್ತುಮಾಡಬೇಡಿ. ಕುಟುಂಬದ ಒಬ್ಬರಾದರೂ ಮುಂಚಿತವಾಗಿ ಬಂದು, ಮೆಚ್ಚಿಕೊಂಡ ಮನೆಯ ಓಣಿಯಲ್ಲಿ ಸಂಜೆ ಐದರಿಂದ ಎಂಟರವರೆಗೆ ಸುಮ್ಮನೆ ಓಡಾಡಬೇಕು. ಮಕ್ಕಳು ಹೊರಗೆ ಆಡುತ್ತಿದ್ದಾರೆಯೇ, ಹಿರಿಯರು ಕಟ್ಟೆಯ ಮೇಲೆ ಕೂರುತ್ತಾರೆಯೇ, ಕಿರಾಣಿ ಅಂಗಡಿಯ ಮುಂದೆ ನಾಲ್ಕು ಜನ ನಿಂತು ಮಾತನಾಡುತ್ತಾರೆಯೇ ಎಂಬುದನ್ನು ಯಾವ ದಲ್ಲಾಳಿಯೂ ಹೇಳುವುದಿಲ್ಲ. ಇದೇ ಬಾಡಿಗೆಗೆ ದೊಡ್ಡ ಅಪಾರ್ಟ್‌ಮೆಂಟ್ ಸಿಗುತ್ತದೆ ಎಂದು ಊರ ಹೊರಗಿನ ಹೊಸ ಬಡಾವಣೆಗೆ ಹೋಗುವವರುಂಟು. ಮೊದಲ ವರ್ಷದ ಮಟ್ಟಿಗೆ, ಎರಡು ಕೋಣೆ ಕಡಿಮೆಯಾದರೂ ಚಿಂತೆಯಿಲ್ಲ, ಜನವಸತಿಯಿರುವ ಹಳೆಯ ಓಣಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆ ನೋಡುವಾಗ ಪಶ್ಚಿಮದ ಗೋಡೆಗಳ ಮೇಲೆ ಹಳೆಯ ತೇವದ ಕಲೆಗಳಿವೆಯೇ ಎಂದು ನೋಡಿ. ಹೊಸದಾಗಿ ಬಣ್ಣ ಬಳಿದಿದ್ದರೆ ಕಪಾಟುಗಳ ಒಳಗೆ ಕೈಯಾಡಿಸಿ. ಊರಿಗೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ನೀರು ಬರುತ್ತದೆ. ಆದರೆ ಆ ಓಣಿಗೆ ಯಾವ ದಿನ, ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಮಾಲೀಕರನ್ನು ಬಿಟ್ಟು ಪಕ್ಕದ ಮನೆಯವರನ್ನೇ ಕೇಳಬೇಕು. ಸರಿಯಾದ ಉತ್ತರದ ಜೊತೆಗೆ ಮೊದಲ ಪರಿಚಯವೂ ಆಗುತ್ತದೆ.

ಮಾಲೀಕರು ಯಾವ ಊರು, ಯಾರ ಪೈಕಿ, ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ ಎಂದು ಕೇಳುವುದು ಇಲ್ಲಿಯೂ ಇದೆ. ಇದು ಸರಿಯಾದ ರೂಢಿಯೆಂದು ನಾನು ಹೇಳಲಾರೆ. ಆದರೂ ಸುಳ್ಳು ಹೇಳಿ ಮನೆ ಹಿಡಿದು, ಅಡುಗೆಮನೆಯ ಕಿಟಕಿ ಮುಚ್ಚಿಕೊಂಡು ಬದುಕುವುದಕ್ಕಿಂತ ಇದ್ದದ್ದನ್ನು ಇದ್ದಂತೆ ಹೇಳಿ, ಒಪ್ಪದಿದ್ದರೆ ಮುಂದಿನ ಮನೆ ನೋಡುವುದು ನೆಮ್ಮದಿಯ ದಾರಿ. ಬೇರೆಯವರ ಕಣ್ಣು ತಪ್ಪಿಸಿ ಬಾಳುವ ಮನೆಯಲ್ಲಿ ನೆರೆಹೊರೆ ಎಂಬುದು ಬೆಳೆಯುವುದೇ ಇಲ್ಲ.

ಕಾಗದಪತ್ರ

ಇದನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಮೊದಲು ಬಾಡಿಗೆ ಕರಾರು, ಅದರ ಆಧಾರದ ಮೇಲೆ ಮನೆಯ ಮುಖ್ಯಸ್ಥರ ಆಧಾರ್ ವಿಳಾಸ ಬದಲಾವಣೆ. ಆಮೇಲೆ ಮುಖ್ಯಸ್ಥರ ಒಪ್ಪಿಗೆಯ ಮೇಲೆ ಉಳಿದವರ ವಿಳಾಸವನ್ನು ಬದಲಿಸಿಕೊಳ್ಳಬಹುದು. ಇದನ್ನು ಮುಂದೂಡದಿರಲು ಕಾರಣವಿದೆ: ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ 2023ರ ಜೂನ್‌ನಿಂದ ದೊರೆಯುತ್ತಿರುವ ಉಚಿತ ಪ್ರಯಾಣಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಮನೆಬಳಕೆಯ ವಿದ್ಯುತ್ತನ್ನು ಒಂದು ಮಿತಿಯವರೆಗೆ ಉಚಿತವಾಗಿ ಕೊಡುವ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಇಲ್ಲಿನ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನ ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆ ಮತ್ತು ಆಧಾರ್ ಜೋಡಣೆ ಅದಕ್ಕೆ ಅಗತ್ಯ.

ಅಡುಗೆ ಅನಿಲದ ಸಿಲಿಂಡರ್ ಮತ್ತು ರೆಗ್ಯುಲೇಟರ್‌ಗಳನ್ನು ಹಳೆಯ ಊರಿನ ವಿತರಕರಿಗೇ ಒಪ್ಪಿಸಿ, ವರ್ಗಾವಣೆ ಚೀಟಿ ಮತ್ತು ಠೇವಣಿಯನ್ನು ಪಡೆದು ಬನ್ನಿ. ಇವನ್ನು ಲಾರಿಯಲ್ಲಿ ಹೇರಿಕೊಂಡು ಬರಬಾರದು. ವಾಹನ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿರುವುದಾದರೆ ಮರುನೋಂದಣಿ ಆಗಲೇಬೇಕು. ಅದಕ್ಕೆ ಹಳೆಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಮತ್ತು ಇಲ್ಲಿನ ಜೀವಿತಾವಧಿ ತೆರಿಗೆ ಬೇಕಾಗುತ್ತವೆ. ಆ ಪತ್ರವನ್ನು ಹೊರಡುವ ಮೊದಲೇ ಕೈಗೆ ತೆಗೆದುಕೊಳ್ಳದಿದ್ದರೆ ಅದೊಂದಕ್ಕಾಗಿ ಸಾವಿರಾರು ಕಿಲೋಮೀಟರ್ ಮರಳಿ ಹೋಗಬೇಕಾದೀತು. ಭಾರತ್ ಸರಣಿಯ ನೋಂದಣಿ ಇರುವವರಿಗೆ ಈ ತಾಪತ್ರಯವಿಲ್ಲ. ಮತದಾರರ ಪಟ್ಟಿಗೆ ನಮೂನೆ 8 ಸಾಕು. ದೆಹಲಿ, ಆಗ್ರಾ, ಝಾನ್ಸಿ, ಭೋಪಾಲ್ ಕಡೆಯಿಂದ ಬರುವವರಿಗೆ ನಿಜಾಮುದ್ದೀನ್‌ನಿಂದ ಹೊರಡುವ ಗೋವಾ ಎಕ್ಸ್‌ಪ್ರೆಸ್ ನೇರವಾಗಿ ಬೆಳಗಾವಿಯಲ್ಲಿ ಇಳಿಸುತ್ತದೆ; ದ್ವಿಚಕ್ರ ವಾಹನವನ್ನು ರೈಲ್ವೆ ಪಾರ್ಸೆಲ್‌ನಲ್ಲಿ ಕಳುಹಿಸುವುದಾದರೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ, ನೋಂದಣಿ ಪತ್ರದ ಪ್ರತಿಯನ್ನು ಜೊತೆಗಿಡಿ.

ಶಾಲೆ ಮತ್ತು ಮಕ್ಕಳ ಮಾತು

ಬೆಳಗಾವಿಯಲ್ಲಿ ಶಾಲೆಗಳಿಗೆ ಕೊರತೆಯಿಲ್ಲ. 1916ರಲ್ಲಿ ಆರಂಭವಾದ ಕೆಎಲ್‌ಇ ಸಂಸ್ಥೆಯ ಶಾಲಾ ಕಾಲೇಜುಗಳಿವೆ, 1856ರ ಸೇಂಟ್ ಪಾಲ್ಸ್ ಇದೆ, ಕೇಂದ್ರೀಯ ವಿದ್ಯಾಲಯಗಳಿವೆ. ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ಮಾಧ್ಯಮಗಳೆಲ್ಲವೂ ಒಂದೇ ಊರಿನಲ್ಲಿ ಸಿಗುತ್ತವೆ. ವರ್ಗಾವಣೆ ಪತ್ರಕ್ಕೆ ಹಳೆಯ ಊರಿನ ಶಿಕ್ಷಣಾಧಿಕಾರಿಯ ಮೇಲುರುಜು ಬೇಕೇ ಎಂದು ಹೊಸ ಶಾಲೆಯನ್ನು ಮುಂಚೆಯೇ ಕೇಳಿ ತಿಳಿದುಕೊಳ್ಳಿ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಆರನೆಯ ಅಥವಾ ಏಳನೆಯ ತರಗತಿಗೆ ನೇರವಾಗಿ ಬಂದು ಸೇರುವ ಮಗುವಿಗೆ ಇದು ಬೆಟ್ಟದಂತೆ ಕಾಣುವುದು ಸಹಜ. ಅಂಥ ಮಗುವಿಗೆ ಮೊದಲ ವರ್ಷ ಕನ್ನಡದಲ್ಲಿ ಯಾವ ಮಟ್ಟದ ಪಾಠ, ಯಾವ ಮಟ್ಟದ ಪರೀಕ್ಷೆ ಎಂಬುದನ್ನು ಪ್ರವೇಶದ ದಿನವೇ ಶಾಲೆಯವರ ಬಳಿ ಸ್ಪಷ್ಟಪಡಿಸಿಕೊಳ್ಳಬೇಕು.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಕರ್ನಾಟಕ ಪಠ್ಯಪುಸ್ತಕ ಸಂಘ ತನ್ನ ಪುಸ್ತಕಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇರಿಸಿದೆ. ಹೊರಡುವ ಕೆಲವು ತಿಂಗಳು ಮೊದಲೇ ಒಂದು, ಎರಡನೆಯ ತರಗತಿಯ ಕನ್ನಡ ಪುಸ್ತಕಗಳನ್ನು ಇಳಿಸಿಕೊಂಡು ದಿನಕ್ಕೆ ಒಂದು ಪುಟ ಓದಿಸಿ. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರಿಸುವ ಮಕ್ಕಳಿಗೆ ಅಕ್ಷರಕ್ಕಿಂತ ಬಾಯಿ ಬಿಡುವುದೇ ಕಷ್ಟ, ಮತ್ತು ಆ ಸಂಕೋಚವನ್ನು ಬಿಡಿಸುವ ಶಕ್ತಿ ಟ್ಯೂಷನ್ ಮೇಷ್ಟ್ರಿಗಿಂತ ಓಣಿಯ ಮಕ್ಕಳಿಗೇ ಹೆಚ್ಚು. ಇಲ್ಲೊಂದು ಎಚ್ಚರಿಕೆ: ದಂಡು ಪ್ರದೇಶದಲ್ಲಿ, ಸೈನ್ಯದ ಮತ್ತು ಕೇಂದ್ರ ಸರ್ಕಾರಿ ನೌಕರರ ವಸತಿಗಳಲ್ಲಿ ಹಿಂದಿಯೊಂದರಿಂದಲೇ ಜೀವನ ನಡೆದುಹೋಗುತ್ತದೆ. ಮೊದಮೊದಲು ಇದು ಅನುಕೂಲವೆನಿಸಿದರೂ, ಅಲ್ಲಿಯೇ ಉಳಿದ ಮಗು ಮುಂದಿನ ವರ್ಗಾವಣೆಯ ಹೊತ್ತಿಗೂ ಅಜ್ಜಿಯೊಂದಿಗೆ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡಲಾರದು. ವಸತಿಗೃಹದಲ್ಲಿ ಇರಲೇಬೇಕಾದವರು ಮಕ್ಕಳನ್ನು ಈಜಿಗೋ ಕರಾಟೆಗೋ ಸಂಗೀತಕ್ಕೋ ಊರೊಳಗೆ ಕಳುಹಿಸಲಿ. ಟಿಳಕವಾಡಿಯ ಲೇಲೆ ಮೈದಾನದಲ್ಲಿ ಫುಟ್‌ಬಾಲ್ ಆಡುವ ಹುಡುಗರ ನಡುವೆ ಕನ್ನಡ, ಮರಾಠಿ, ಹಿಂದಿ ಮೂರೂ ಒಂದೇ ಉಸಿರಿನಲ್ಲಿ ಓಡಾಡುತ್ತವೆ. ಹೊಸಬರ ತಪ್ಪನ್ನು ಅಲ್ಲಿ ಯಾರೂ ಎಣಿಸುವುದಿಲ್ಲ.

ಹಿರಿಯರೂ ನಾಚಬೇಕಿಲ್ಲ. ದಕ್ಷಿಣದ ಜಿಲ್ಲೆಗಳಿಂದ ಬಂದವರ ಕನ್ನಡಕ್ಕೆ ಇಲ್ಲಿ ಕೆಲವರು ನಕ್ಕಾರು, ಆದರೆ ಪ್ರತಿ ಮಾತಿನ ಕೊನೆಗೂ ಒಂದು ‘ರಿ’ ಸೇರಿಸುವುದನ್ನು ಕಲಿತರೆ ತರಕಾರಿಯವರಿಂದ ಹಿಡಿದು ಡಾಕ್ಟರರವರೆಗೆ ಎಲ್ಲರ ಬಳಿಯೂ ಕೆಲಸ ಸಲೀಸು. ಗಣಪತ ಗಲ್ಲಿ, ಖಡೇಬಜಾರ, ಶಹಾಪುರದ ಪೇಟೆಗಳಲ್ಲಿ ಅಂಗಡಿಯವರು ನಿಮ್ಮ ಮುಖ ನೋಡಿ ಮರಾಠಿಯಲ್ಲಿ ಮಾತು ಆರಂಭಿಸಿದರೆ ಅದನ್ನು ಅಸಡ್ಡೆಯೆಂದು ತಿಳಿಯಬಾರದು. ನೀವು ಕನ್ನಡದಲ್ಲಿ ಉತ್ತರಿಸಿದ ಕ್ಷಣ ಅವರೂ ಕನ್ನಡಕ್ಕೆ ಹೊರಳುವುದೇ ಹೆಚ್ಚು. ಕಿರಾಣಿಯನ್ನು ಮೊಬೈಲ್‌ನಲ್ಲಿ ತರಿಸಿಕೊಳ್ಳುವ ಅಭ್ಯಾಸವನ್ನು ಕೆಲವು ತಿಂಗಳು ಬದಿಗಿಟ್ಟು ಓಣಿಯ ಒಂದೇ ಅಂಗಡಿಗೆ ನಡೆದುಹೋಗಿ. ಕೆಲಸದವರು, ನಲ್ಲಿ ರಿಪೇರಿಯವರು, ಹಾಲಿನವರು, ಖಾಲಿಯಾಗಲಿರುವ ಮನೆ, ಮಳೆಯಲ್ಲೂ ತೆರೆದಿರುವ ಔಷಧದಂಗಡಿ ಇವೆಲ್ಲದರ ಸುದ್ದಿ ಆ ಅಂಗಡಿಯಲ್ಲಿರುತ್ತದೆ.

ಓಣಿಯ ಒಂದು ವರ್ಷ

ಹೊಸಬರು ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡಬಾರದು ಎಂದುಕೊಂಡು ಬಾಗಿಲು ಹಾಕಿಕೊಳ್ಳುತ್ತಾರೆ. ಇಲ್ಲಿನ ಜನ ಅದನ್ನು ಸೌಜನ್ಯವೆಂದು ತಿಳಿಯುವುದಿಲ್ಲ. ದೊಡ್ಡವರಿರಬೇಕು, ನಮ್ಮ ಜೊತೆ ಬೆರೆಯಲಿಕ್ಕಿಲ್ಲ ಎಂದುಕೊಳ್ಳುತ್ತಾರೆ. ಆದ್ದರಿಂದ ಮೊದಲ ವಾರದಲ್ಲೇ ಏನಾದರೂ ಕೇಳಿ ಪಡೆಯಿರಿ. ಒಂದು ಏಣಿಯಾಗಲಿ, ಎಲೆಕ್ಟ್ರಿಷಿಯನ್‌ನ ನಂಬರಾಗಲಿ, ಜೋಳದ ಹಿಟ್ಟು ಎಲ್ಲಿ ಬೀಸಿಸುತ್ತಾರೆ ಎಂಬ ಮಾಹಿತಿಯಾಗಲಿ, ಕೇಳಿದವರಿಗೆ ಹೇಳುವ ಹಿಗ್ಗು ಈ ಊರಿನಲ್ಲಿ ಬಹಳ. ಚಹಾಕ್ಕೆ ಕರೆದರೆ ಈಗಷ್ಟೇ ಆಯಿತು ಎನ್ನದೆ ಒಳಗೆ ಹೋಗಿ ಕೂರಬೇಕು. ಯಾರಾದರೂ ಡಬ್ಬಿಯಲ್ಲಿ ಏನಾದರೂ ಕಳುಹಿಸಿದರೆ ಅದನ್ನು ಖಾಲಿ ಮರಳಿಸುವ ಪದ್ಧತಿಯಿಲ್ಲ. ನಿಮ್ಮ ಮನೆಯ ಅಡುಗೆಯಲ್ಲಿ ಒಂದಿಷ್ಟನ್ನು, ಏನೂ ಇಲ್ಲದಿದ್ದರೆ ಸಕ್ಕರೆಯನ್ನಾದರೂ ಹಾಕಿ ಕೊಡಿ. ಪಂಜಾಬಿನಲ್ಲಿ ಕಲಿತ ರಾಜ್ಮಾ, ಅಸ್ಸಾಮಿನಲ್ಲಿ ಕಲಿತ ಪೀಠಾ ಇದ್ದರೆ ಇನ್ನೂ ಒಳ್ಳೆಯದು, ಅದರ ವಿಚಾರಣೆಗೇ ನಾಲ್ಕು ಜನ ಬರುತ್ತಾರೆ.

ಉಳಿದದ್ದನ್ನು ಹಬ್ಬಗಳು ಮಾಡಿಕೊಡುತ್ತವೆ, ಆದರೆ ಯಾವ ಹಬ್ಬದಲ್ಲಿ ಏನು ಮಾಡಬೇಕೆಂದು ತಿಳಿದಿರಬೇಕು. ಮೇ ತಿಂಗಳಲ್ಲಿ ಬಂದವರಿಗೆ ಮೊದಲು ಎದುರಾಗುವ ದೊಡ್ಡ ಹಬ್ಬ ಶ್ರಾವಣದ ನಾಗರ ಪಂಚಮಿ. ಅದಕ್ಕೆ ಮುಂಚಿನ ರೊಟ್ಟಿ ಹಬ್ಬದಂದು ಸಜ್ಜೆ ಮತ್ತು ಜೋಳದ ಕಟಕ ರೊಟ್ಟಿಗಳನ್ನು ಪಲ್ಯ, ಚಟ್ನಿಗಳ ಜೊತೆ ಮನೆಯಿಂದ ಮನೆಗೆ ಬೀರುವ ಪದ್ಧತಿ ಈ ಭಾಗದಲ್ಲಿದೆ. ರೊಟ್ಟಿ ಬಡಿಯಲು ಬಾರದವರು ಅಂಗಡಿಯಿಂದ ತಂದು ಬೀರಿದರೂ ನಡೆಯುತ್ತದೆ, ಆದರೆ ಹಿಂದಿನ ವಾರವೇ ಪಕ್ಕದ ಮನೆಯವರನ್ನು ಕಲಿಸಿಕೊಡಿ ಎಂದು ಕೇಳಿಕೊಂಡರೆ ಒಂದು ಮಧ್ಯಾಹ್ನ ಪೂರ್ತಿ ಅವರ ಅಡುಗೆಮನೆಯಲ್ಲಿ ಕಳೆಯುವ ಅವಕಾಶ ಸಿಗುತ್ತದೆ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳಿಂದ ಓಣಿ ತುಂಬಿರುತ್ತದೆ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಉಂಡಿಗಳ ವಿನಿಮಯವೂ ಜೋಕಾಲಿಯೂ ಇರುತ್ತವೆ.

ಗಣೇಶೋತ್ಸವ ಬೆಳಗಾವಿಯ ಅತಿ ದೊಡ್ಡ ಸಾರ್ವಜನಿಕ ಉತ್ಸವ. ಅನಂತ ಚತುರ್ದಶಿಯ ವಿಸರ್ಜನಾ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ. ನಿಮ್ಮ ಗಲ್ಲಿಯ ಮಂಡಳದವರು ವಂತಿಗೆಗೆ ಬಂದಾಗ ಬಾಗಿಲಲ್ಲೇ ಹಣ ಕೊಟ್ಟು ಕಳುಹಿಸುವುದು ಸುಲಭ. ಅದರ ಬದಲು ನಮಗೂ ಒಂದು ಕೆಲಸ ಹೇಳಿ ಎಂದು ಕೇಳಬೇಕು. ಪ್ರಸಾದ ಹಂಚುವುದು, ಮಕ್ಕಳ ಸ್ಪರ್ಧೆಗಳಿಗೆ ಹೆಸರು ಬರೆದುಕೊಳ್ಳುವುದು, ರಾತ್ರಿ ಪೆಂಡಾಲಿನಲ್ಲಿ ಕಾವಲು ಕೂರುವುದು ಹೀಗೆ ಏನನ್ನು ಹೇಳಿದರೂ ಒಪ್ಪಿಕೊಳ್ಳಿ; ಒಂದು ರಾತ್ರಿ ಒಟ್ಟಿಗೆ ಕಾವಲು ಕೂತವರು ಆಮೇಲೆ ಹೆಸರು ಹಿಡಿದು ಕರೆಯುತ್ತಾರೆ.

ವಿಜಯದಶಮಿಯಂದು ಬನ್ನಿ ಎಲೆ ಹಿಡಿದು ಮನೆ ಮನೆಗೆ ಹೋಗಿ, ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಹೇಳಿ ಹಿರಿಯರಿಗೆ ನಮಸ್ಕರಿಸುವ ಸಂಜೆಯನ್ನು ತಪ್ಪಿಸಬೇಡಿ. ಅಂದು ಯಾರ ಮನೆಗಾದರೂ ಕರೆಯದೆ ಹೋಗಬಹುದು, ಹಳೆಯ ಮುನಿಸಿದ್ದವರ ಮನೆಗೂ ಹೋಗಬಹುದು. ಸಂಕ್ರಾಂತಿಯಲ್ಲಿ ಕುಸುರೆಳ್ಳು ಹಂಚುವಾಗಲೂ ಇದೇ ಸಲುಗೆ ದೊರೆಯುತ್ತದೆ. ದೀಪಾವಳಿಯ ಹೊತ್ತಿಗೆ ಬೆಳಗಾವಿಯ ಮಕ್ಕಳು ಮಣ್ಣಿನಿಂದ ಕೋಟೆ ಕಟ್ಟಿ, ಅದರ ಮೇಲೆ ಶಿವಾಜಿ ಮತ್ತು ಅವನ ಸೈನಿಕರಾದ ಮಾವಳಿಗಳ ಬೊಂಬೆಗಳನ್ನು ನಿಲ್ಲಿಸುತ್ತಾರೆ. ಕೈಕಾಲು ಕೆಸರಾಗುತ್ತದೆಂದು ನಿಮ್ಮ ಮಕ್ಕಳನ್ನು ತಡೆಯಬೇಡಿ. ಇನ್ನು ಎಳ್ಳು ಅಮಾವಾಸ್ಯೆಗೆ ಬೈಲಹೊಂಗಲ, ಸವದತ್ತಿ ಕಡೆ ಹೊಲವಿರುವ ಸಹೋದ್ಯೋಗಿಗಳು ಚರಗ ಚೆಲ್ಲಲು, ಅಂದರೆ ಹೊಲಕ್ಕೆ ನೈವೇದ್ಯದ ಅಡುಗೆ ಎರಚಲು, ಕರೆದರೆ ರಜೆ ಹಾಕಿಯಾದರೂ ಹೋಗಬೇಕು. ಎರೆಭೂಮಿಯ ಜೋಳದ ಬೆಳೆಯ ನಡುವೆ ಕುಳಿತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಉಂಡು ಬಂದ ಕುಟುಂಬಕ್ಕೆ ಸಹೋದ್ಯೋಗಿಯ ಇಡೀ ಬಂಧುಬಳಗದ ಪರಿಚಯವಾಗಿರುತ್ತದೆ.

ಮನೆಯಲ್ಲೇ ಇರುವವರು

ವರ್ಗಾವಣೆಯ ನಿಜವಾದ ಭಾರ ಬೀಳುವುದು ಕೆಲಸಕ್ಕೆ ಹೋಗುವವರ ಮೇಲಲ್ಲ. ಹಳೆಯ ಊರಿನ ಉದ್ಯೋಗವನ್ನು ಬಿಟ್ಟು ಬಂದ ಹೆಂಡತಿಯೋ ಗಂಡನೋ, ಜೊತೆಗೆ ಬಂದ ವೃದ್ಧ ತಂದೆತಾಯಿಯೋ ಹಗಲೆಲ್ಲ ನಾಲ್ಕು ಗೋಡೆಗಳ ನಡುವೆ ಉಳಿಯುತ್ತಾರೆ. ಅವರಿಗೆ ಪ್ರತಿದಿನ ಒಂದೇ ಹೊತ್ತಿಗೆ ಹೋಗುವ ಒಂದು ಜಾಗ ಬೇಕು. ಟಿಳಕವಾಡಿಯ ವ್ಯಾಕ್ಸಿನ್ ಡಿಪೊದ ಮರಗಳ ನಡುವೆ ಬೆಳಗಿನ ನಡಿಗೆಗೆ ಬರುವವರ ಗುಂಪುಗಳಿವೆ. ಕೋಟೆ ಕೆರೆಯ ಸುತ್ತಲೂ ಇವೆ. ದಿನವೂ ಅದೇ ಹೊತ್ತಿಗೆ ಹೋದರೆ ಮುಖಪರಿಚಯ ಮಾತಿಗೆ ತಿರುಗಲು ತಿಂಗಳು ಬೇಕಾಗುವುದಿಲ್ಲ, ಹೊತ್ತು ಬದಲಿಸುತ್ತ ಹೋದರೆ ವರ್ಷವೂ ಸಾಲದು. ಹಿರಿಯರಿಗೆ ಕಪಿಲೇಶ್ವರ ದೇವಸ್ಥಾನ, ಕೋಟೆಯೊಳಗಿನ ಕಮಲ ಬಸದಿ ಮತ್ತು ರಾಮಕೃಷ್ಣ ಆಶ್ರಮ, ಶ್ರಾವಣದಲ್ಲಿ ಮಠಗಳ ಪ್ರವಚನಗಳು ಅವರವರ ಒಲವಿಗೆ ತಕ್ಕಂತೆ ಒದಗುತ್ತವೆ. ಸಂಗೀತದ ಆಸಕ್ತಿಯುಳ್ಳವರಿಗೆ ಈ ಊರು ಉದಾರಿ; ಕುಮಾರ ಗಂಧರ್ವರು ಹುಟ್ಟಿದ್ದು ಪಕ್ಕದ ಸುಳೇಭಾವಿಯಲ್ಲಿ, ಅವರ ಹೆಸರಿನ ರಂಗಮಂದಿರದಲ್ಲಿ ನಾಟಕ, ಸಂಗೀತ, ಕನ್ನಡ ಕಾರ್ಯಕ್ರಮಗಳು ನಡೆಯುತ್ತಿರುತ್ತವೆ. ಭಜನಾ ಮಂಡಳ, ಮಹಿಳಾ ಮಂಡಳಗಳಿಗೆ ಸೇರುವಾಗ ಒಂದೇ ಮಂಡಳವನ್ನು ಆರಿಸಿಕೊಂಡು ತಪ್ಪದೆ ಹೋಗುವುದು ಒಳ್ಳೆಯದು. ನಿಮ್ಮದೇ ಜಿಲ್ಲೆಯವರ ಅಥವಾ ಜಾತಿಯವರ ಸಂಘ ಮೊದಲ ಆಸರೆಯಾಗಬಹುದಾದರೂ ಅದರೊಳಗೇ ಮುದುಡಿಕೊಂಡರೆ ಬೆಳಗಾವಿಗೆ ಬಂದದ್ದೇ ಗೊತ್ತಾಗುವುದಿಲ್ಲ.

ಬೆಳಗಾವಿ ಯಾವ ರಾಜ್ಯಕ್ಕೆ ಸೇರಬೇಕೆಂಬ ಕರ್ನಾಟಕ, ಮಹಾರಾಷ್ಟ್ರಗಳ ಗಡಿ ವಿವಾದದ ವಿಷಯದಲ್ಲಿ ಹೊಸಬರಿಗೆ ಅಳುಕಿರುತ್ತದೆ. ಈ ವಿವಾದದ ಬಗ್ಗೆ ನೇಮಿಸಿದ್ದ ಆಯೋಗದ 1967ರ ಮಹಾಜನ ವರದಿ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ದಾವೆ ಇವುಗಳ ಬಗ್ಗೆ ತಿಳಿದಿರಲಿ, ಆದರೆ ಪರಿಚಯದ ಮೊದಲ ದಿನಗಳಲ್ಲಿ ನೆರೆಯವರೊಂದಿಗೆ ಚರ್ಚೆಗೆ ಎತ್ತಿಕೊಳ್ಳುವ ಅಗತ್ಯವಿಲ್ಲ. ದಿನನಿತ್ಯದ ಬದುಕಿನಲ್ಲಿ ಕನ್ನಡದ ಮನೆಯೂ ಮರಾಠಿಯ ಮನೆಯೂ ಒಂದೇ ನಲ್ಲಿಯ ನೀರಿಗೆ ಕಾಯುತ್ತವೆ. ಪ್ರಾಯೋಗಿಕವಾಗಿ ನೆನಪಿಡಬೇಕಾದದ್ದು ಇಷ್ಟು: ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆಗೆ ಸುತ್ತಲಿನ ಊರುಗಳಿಂದ ಅಪಾರ ಜನ ಸೇರುವುದರಿಂದ ಚನ್ನಮ್ಮ ವೃತ್ತದ ಕಡೆ ಅಂದು ವಾಹನ ಒಯ್ಯಬೇಡಿ, ಮಕ್ಕಳನ್ನು ಕರೆದುಕೊಂಡು ನಡೆದೇ ಹೋಗಿ, ವಾತಾವರಣ ಬಿಸಿಯಾದ ದಿನಗಳಲ್ಲಿ ಕೊಲ್ಹಾಪುರ, ಪುಣೆ ಕಡೆಯ ಬಸ್ಸುಗಳು ಗಡಿಯಲ್ಲಿ ನಿಲ್ಲುವುದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಹನ್ನೊಂದು 		ತಿಂಗಳ ಬಾಡಿಗೆ ಕರಾರು ಮುಗಿಯುವ ಹೊತ್ತಿಗೆ ದೊಡ್ಡ ಮನೆಯ ಆಸೆ ಬರುತ್ತದೆ. ಆಗ ಮಕ್ಕಳನ್ನೂ ಹಿರಿಯರನ್ನೂ ಕೂರಿಸಿಕೊಂಡು, ಈ ಓಣಿಯಲ್ಲಿ ಹೇಳದೆ ಕೇಳದೆ ಹೋಗಿ ಕೂರಬಹುದಾದ ಮನೆ ಯಾರಿಗೆ ಯಾವುದಿದೆ ಎಂದು ವಿಚಾರಿಸಿ. ಎಲ್ಲರಿಗೂ ಒಂದೊಂದು ಮನೆಯಿದ್ದರೆ ಅದೇ ಓಣಿಯಲ್ಲೋ ಪಕ್ಕದ ಕ್ರಾಸಿನಲ್ಲೋ ಖಾಲಿಯಾಗುವ ಮನೆಗಾಗಿ ಕಿರಾಣಿ ಅಂಗಡಿಯಲ್ಲಿ ಹೇಳಿಟ್ಟು ಕಾಯಬೇಕು. ಯಾರಿಗೂ ಇಲ್ಲದಿದ್ದರೆ ಹಿಂಜರಿಯದೆ ಬೇರೆ ಓಣಿ ಹುಡುಕಿ. ಬಿಡುವ ಮನೆಯ ಹೆಸ್ಕಾಂ ಖಾತೆಯಿಂದ ನಿಮ್ಮ ಆಧಾರ್ ಜೋಡಣೆಯನ್ನು ಕಳಚಿಸಿ, ಠೇವಣಿಯನ್ನು ಪಡೆದುಕೊಂಡ ಮೇಲೆಯೇ ಕೀಲಿ ಒಪ್ಪಿಸಿ.